ನಿಂತ ಅಂಕಿ, ಓಡುವ ಬೆಲೆ



ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ಮಾಸಾಶನ ಎಂಬ ಹೆಸರುಗಳನ್ನು ನೀವು ಕೇಳಿಯೇ ಇರುತ್ತೀರಿ. ನಿಮ್ಮ ಓಣಿಯಲ್ಲಿ, ಬಹುಶಃ ನಿಮ್ಮ ಮನೆಯಲ್ಲಿಯೇ ಇಂಥ ಹಣ ಪಡೆಯುವ ಅಜ್ಜಿಯೋ ತಾತನೋ ಇರಬಹುದು. ಒಂದು ಕಾಲಕ್ಕೆ ಅದು ಅಂಚೆಯಣ್ಣನ ಕೈಯಿಂದ ಮನಿಯಾರ್ಡರ್ ಆಗಿ ಬರುತ್ತಿತ್ತು. ಈಗ ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಖಾತೆಗೆ ಜಮಾ ಆಗುತ್ತದೆ. ಯುದ್ಧಗಳಿಗೂ ರಾಜವಂಶಗಳಿಗೂ ಚರಿತ್ರೆ ಇರುವಂತೆ ಈ ಸಣ್ಣ ಮೊತ್ತಕ್ಕೂ ಒಂದು ಚರಿತ್ರೆ ಇದೆ. ಅದು ಬರ್ಲಿನ್ನಿನಲ್ಲಿ ಆರಂಭವಾಗಿ, ಲಂಡನ್ ಮತ್ತು ವಾಷಿಂಗ್ಟನ್ ನಗರಗಳನ್ನು ಹಾದು, ನಮ್ಮ ನಾಡಕಚೇರಿಯ ಕಟ್ಟೆಯವರೆಗೆ ಬಂದಿದೆ.

ಸರ್ಕಾರದ ಇಂಥ ಖರ್ಚಿನ ಬಗ್ಗೆ ಮಾತು ಬಂದಾಗ ಸಾಮಾನ್ಯವಾಗಿ ಎರಡು ಪ್ರಶ್ನೆಗಳು ಏಳುತ್ತವೆ. ಯಾರಿಗೆ ಕೊಡಬೇಕು? ಎಷ್ಟು ಕೊಡಬೇಕು? ಮೂರನೆಯ ಪ್ರಶ್ನೆಯೊಂದಿದೆ; ಅದನ್ನು ಕೇಳುವವರು ಕಡಿಮೆ. ಕೊಡುವ ಮೊತ್ತ ಬೆಲೆಯ ಜೊತೆಗೆ ಏರುತ್ತದೆಯೇ, ಇಲ್ಲವೇ? ಬೀಜಗಣಿತದಲ್ಲಿ ನೀವು ಸ್ಥಿರಾಂಕ, ಚರಾಂಕ ಎಂಬ ಪದಗಳನ್ನು ಕಲಿತಿದ್ದೀರಿ. ಬೆಲೆ ಎಂಬುದು ಚರಾಂಕ. ಅದರ ಎದುರಿಗೆ ಮಾಸಾಶನದ ಮೊತ್ತವನ್ನು ಸ್ಥಿರಾಂಕವಾಗಿ ಬರೆದಿಟ್ಟರೆ ಏನಾಗುತ್ತದೆ? ಬೇರೆ ಬೇರೆ ದೇಶಗಳು ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯನ್ನು ನೋಡೋಣ. ಆಮೇಲೆ ನಮ್ಮ ಲೆಕ್ಕವನ್ನೂ ಮಾಡೋಣ.

ಬಿಸ್ಮಾರ್ಕನ ಲೆಕ್ಕಾಚಾರ

ಹಿಂದಿನ ಕಾಲದಲ್ಲಿ ಮುಪ್ಪು, ಕಾಯಿಲೆ, ಅಂಗವೈಕಲ್ಯಗಳ ಭಾರವನ್ನು ಹೊತ್ತವರು ಮನೆಯವರು. ಹೊಲ ಇದ್ದರೆ ಹೊಲ, ಕೂಡುಕುಟುಂಬವಿದ್ದರೆ ಅಣ್ಣತಮ್ಮಂದಿರು, ಏನೂ ಇಲ್ಲದಿದ್ದರೆ ಗುಡಿ, ಮಠ, ಛತ್ರಗಳ ಊಟ. ಕಾರ್ಖಾನೆಗಳು ಬಂದ ಮೇಲೆ ಈ ವ್ಯವಸ್ಥೆ ಕುಸಿಯಿತು. ಹಳ್ಳಿ ಬಿಟ್ಟು ಪಟ್ಟಣ ಸೇರಿದ ಕಾರ್ಮಿಕನಿಗೆ ಕೂಲಿಯೊಂದೇ ಆಧಾರ. ಯಂತ್ರಕ್ಕೆ ಸಿಕ್ಕಿ ಕೈ ಹೋದರೆ ಅದರ ಮರುದಿನದಿಂದ ಕೂಲಿಯೂ ಇಲ್ಲ.

ಈ ಸಮಸ್ಯೆಗೆ ದೇಶದ ಮಟ್ಟದಲ್ಲಿ ಕಾನೂನಿನ ಉತ್ತರ ಕೊಟ್ಟ ಮೊದಲ ದೊಡ್ಡ ರಾಷ್ಟ್ರ ಜರ್ಮನಿ. ಅಲ್ಲಿನ ಚಾನ್ಸಲರ್ ಬಿಸ್ಮಾರ್ಕ್ ಬಡವರ ಬಂಧು ಎಂದು ಹೆಸರಾದವನಲ್ಲ. 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸುವ ಕಾನೂನು ತಂದವನೇ ಅವನು. ಆದರೆ ನಿಷೇಧವೊಂದರಿಂದಲೇ ಕಾರ್ಮಿಕರನ್ನು ರಾಜ್ಯದ ಕಡೆಗೆ ಒಲಿಸಿಕೊಳ್ಳಲಾಗದು ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ 1883ರಲ್ಲಿ ಕಾಯಿಲೆಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ವೃದ್ಧಾಪ್ಯ ಮತ್ತು ಅಂಗವೈಕಲ್ಯ ವಿಮೆ, ಹೀಗೆ ಒಂದರ ಹಿಂದೆ ಒಂದು ಕಾನೂನು ಬಂದವು.

1889ರ ಕಾನೂನಿನ ರಚನೆಯನ್ನು ಗಮನಿಸಿ. ಕಾರ್ಮಿಕ ಮತ್ತು ಮಾಲೀಕ ಸಮಪಾಲು ವಂತಿಗೆ ಕಟ್ಟಬೇಕು. ಸರ್ಕಾರ ಪ್ರತಿ ಪಿಂಚಣಿಗೆ ವರ್ಷಕ್ಕೆ 50 ಮಾರ್ಕ್ ಸೇರಿಸುತ್ತದೆ. ವೃದ್ಧಾಪ್ಯದ ಪಿಂಚಣಿ ಸಿಗುವುದು 70 ವರ್ಷ ತುಂಬಿದ ಮೇಲೆ. ದುಡಿಯುವವರಲ್ಲಿ ಅಷ್ಟು ಕಾಲ ಬದುಕುವವರೇ ವಿರಳವಾಗಿದ್ದ ಕಾಲವದು. ಆದ್ದರಿಂದ ಕೆಲವೇ ವರ್ಷಗಳಲ್ಲಿ ವೃದ್ಧಾಪ್ಯದ ಪಿಂಚಣಿಗಿಂತ ಅಂಗವೈಕಲ್ಯದ ಪಿಂಚಣಿ ಪಡೆಯುವವರ ಸಂಖ್ಯೆಯೇ ಹೆಚ್ಚಾಯಿತು. ಸಾಮಾಜಿಕ ಭದ್ರತೆ ಎಂದರೆ ಮುದುಕರ ಮಾತು ಎಂದು ನಾವು ಭಾವಿಸುತ್ತೇವೆ. ಅದರ ಹುಟ್ಟಿನಲ್ಲೇ ಅಂಗವೈಕಲ್ಯದ ಪ್ರಶ್ನೆಯೂ ಜೊತೆಗಿತ್ತು.

ಈ ವ್ಯವಸ್ಥೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಬೆಲೆಯಿಂದ. 1923ರಲ್ಲಿ ಜರ್ಮನಿಯ ಹಣ ಕಾಗದದ ಚೂರಾಯಿತು. ದಶಕಗಳಿಂದ ಕೂಡಿಟ್ಟ ವಿಮಾ ನಿಧಿಯೂ ಅದರೊಂದಿಗೆ ಕರಗಿತು. ಈ ಅನುಭವದ ನೆನಪಿದ್ದ ದೇಶವೇ 1957ರಲ್ಲಿ ಪಿಂಚಣಿಯನ್ನು ದುಡಿಯುವವರ ಸಂಬಳದ ಏರಿಕೆಗೆ ಜೋಡಿಸುವ ಕಾನೂನು ಮಾಡಿತು. ಸಂಬಳ ಏರಿದಾಗ ಪಿಂಚಣಿಯೂ ಏರಬೇಕು ಎಂಬುದು ಅದರ ತತ್ವ. ಸ್ಥಿರಾಂಕವು ಚರಾಂಕವಾದದ್ದು ಹೀಗೆ.

ಐದು ಷಿಲಿಂಗ್

ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ 1834ರ ಬಡವರ ಕಾನೂನಿನ ಪ್ರಕಾರ ನಿರ್ಗತಿಕರಿಗೆ ದುಡಿಮೆಮನೆಗಳಿದ್ದವು. ಅಲ್ಲಿಗೆ ಸೇರಲು ಜನ ಹೆದರಬೇಕು, ನಾಚಬೇಕು ಎಂಬಂತೆಯೇ ಅವುಗಳನ್ನು ನಡೆಸಲಾಗುತ್ತಿತ್ತು. 1908ರ ವೃದ್ಧಾಪ್ಯ ಪಿಂಚಣಿ ಕಾನೂನು ಈ ನಾಚಿಕೆಯನ್ನು ಬಹುಮಟ್ಟಿಗೆ ತೊಡೆಯಿತು. 1909ರ ಜನವರಿ 1ರಿಂದ 70 ವರ್ಷ ದಾಟಿದ ಬಡವರು ತಮ್ಮ ಊರಿನ ಅಂಚೆ ಕಚೇರಿಗೆ ಹೋಗಿ ವಾರಕ್ಕೆ 5 ಷಿಲಿಂಗ್ ಪಡೆಯತೊಡಗಿದರು. ಇದಕ್ಕೆ ಅವರು ಯಾವ ವಂತಿಗೆಯನ್ನೂ ಕಟ್ಟಿರಲಿಲ್ಲ. ಹಣ ಬಂದದ್ದು ತೆರಿಗೆಯಿಂದ. ಆದಾಯದ ಮಿತಿ ಇತ್ತು. ನಡತೆಯ ಪರೀಕ್ಷೆಯೂ ಇತ್ತು.

ನಮ್ಮ ದೇಶದ ವೃದ್ಧಾಪ್ಯ ವೇತನ ಬಿಸ್ಮಾರ್ಕನ ಮಾದರಿಗಿಂತ ಈ ಮಾದರಿಗೆ ಹತ್ತಿರದ್ದು ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ. ವಂತಿಗೆಯ ಪಿಂಚಣಿಯಲ್ಲಿ "ನಾನು ಕಟ್ಟಿದ್ದೇನೆ, ನನಗೆ ಬರಬೇಕು" ಎಂದು ಕೇಳುವ ಬಲವಿರುತ್ತದೆ. ತೆರಿಗೆಯಿಂದ ಬರುವ ಪಿಂಚಣಿಯಲ್ಲಿ ಆ ಬಲ ಕಡಿಮೆ. ಅದು ಏರಬೇಕಾದರೆ ಶಾಸನ ಸಭೆ ಮನಸ್ಸು ಮಾಡಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೆಲೆಗಳು ದುಪ್ಪಟ್ಟಾದವು. ಕಾನೂನಿನ 5 ಷಿಲಿಂಗ್ 10 ಷಿಲಿಂಗ್ ಆಗಲು 1919ರವರೆಗೆ ಕಾಯಬೇಕಾಯಿತು.

ಐಡಾ ಮೇ ಫುಲ್ಲರ್ ಅವರ ಚೆಕ್ಕು

ಈಗ ಅಮೆರಿಕಕ್ಕೆ ಹೋಗೋಣ. 1929ರ ಆರ್ಥಿಕ ಕುಸಿತದಲ್ಲಿ ಅಲ್ಲಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡರು, ಬ್ಯಾಂಕುಗಳು ಮುಳುಗಿದವು, ವೃದ್ಧರು ಜೀವಮಾನದ ಉಳಿತಾಯವನ್ನು ಕಳೆದುಕೊಂಡರು. 1935ರ ಆಗಸ್ಟ್ 14ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸಾಮಾಜಿಕ ಭದ್ರತಾ ಕಾಯಿದೆಗೆ ಸಹಿ ಹಾಕಿದರು. ಅದರ ಹಿಂದೆ ದುಡಿದವರಲ್ಲಿ ಪ್ರಮುಖರು ಕಾರ್ಮಿಕ ಇಲಾಖೆಯ ಮುಖ್ಯಸ್ಥೆ ಫ್ರಾನ್ಸಿಸ್ ಪರ್ಕಿನ್ಸ್, ಅಮೆರಿಕದ ಸಚಿವ ಸಂಪುಟದಲ್ಲಿ ಕುಳಿತ ಮೊದಲ ಮಹಿಳೆ. ಆ ಕಾನೂನು ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಆರಂಭದಲ್ಲಿ ಹೊರಗಿಟ್ಟಿತ್ತು. ದಕ್ಷಿಣದ ರಾಜ್ಯಗಳ ಕಪ್ಪು ಜನರಲ್ಲಿ ಬಹುಪಾಲು ಮಂದಿ ಮಾಡುತ್ತಿದ್ದ ಕೆಲಸಗಳೇ ಅವು.

ತಿಂಗಳ ಪಿಂಚಣಿಯ ಮೊದಲ ಚೆಕ್ಕು ಹೊರಟದ್ದು 1940ರ ಜನವರಿ 31ರಂದು. ಅದನ್ನು ಪಡೆದವರು ವರ್ಮಾಂಟ್ ರಾಜ್ಯದ ಲಡ್ಲೋ ಎಂಬ ಊರಿನ ಐಡಾ ಮೇ ಫುಲ್ಲರ್, ವಕೀಲರ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚೆಕ್ಕಿನ ಮೊತ್ತ 22 ಡಾಲರ್ 54 ಸೆಂಟ್. ಅವರು ಮೂರು ವರ್ಷಗಳಲ್ಲಿ ಕಟ್ಟಿದ್ದ ವಂತಿಗೆ ಒಟ್ಟು 24 ಡಾಲರ್ 75 ಸೆಂಟ್. ಅವರು ನೂರು ವರ್ಷ ಬಾಳಿ 1975ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರಿಗೆ ಸಂದ ಹಣ 22,888 ಡಾಲರ್ 92 ಸೆಂಟ್. ಯೋಜನೆಯ ಆರಂಭದಲ್ಲಿ ಸೇರಿದವರಿಗೆ ಇಂಥ ಲಾಭವಾಗುವುದು ಸಹಜ. ಈ ಅಂಕಿಗಳನ್ನು ಅಮೆರಿಕದಲ್ಲಿ ಇಂದಿಗೂ ಬೆರಗಿನಿಂದ ಹೇಳಿಕೊಳ್ಳುತ್ತಾರೆ.

ಈ ಕಥೆಯಲ್ಲಿ ಹೆಚ್ಚಿನವರು ಗಮನಿಸದ ಭಾಗವೊಂದಿದೆ. 1940ರಿಂದ 1950ರವರೆಗೆ, ಹತ್ತು ವರ್ಷ, ಆ ಚೆಕ್ಕಿನ ಮೊತ್ತ 22 ಡಾಲರ್ 54 ಸೆಂಟೇ ಆಗಿತ್ತು. ನಡುವೆ ಎರಡನೆಯ ಮಹಾಯುದ್ಧ ಬಂದು ಹೋಯಿತು. ಬೆಲೆಗಳು ಶೇಕಡಾ 70ಕ್ಕಿಂತ ಹೆಚ್ಚು ಏರಿದವು. ಯಾರೂ ಆ ಪಿಂಚಣಿಯನ್ನು ಕಡಿತ ಮಾಡಲಿಲ್ಲ, ಯಾವ ಆದೇಶವೂ ಹೊರಡಲಿಲ್ಲ. ಆದರೂ ಅದು ಪ್ರತಿ ವರ್ಷ ಕಡಿಮೆಯಾಗುತ್ತಲೇ ಹೋಯಿತು. 1950ರಲ್ಲಿ ಅಲ್ಲಿನ ಸಂಸತ್ತು ಪಿಂಚಣಿಗಳನ್ನು ಸರಾಸರಿ ಶೇಕಡಾ 77ರಷ್ಟು ಏರಿಸಿದಾಗ ಫುಲ್ಲರ್ ಅವರ ಚೆಕ್ಕು 41 ಡಾಲರ್ 30 ಸೆಂಟ್ ಆಯಿತು. ಕಾಗದದ ಮೇಲೆ ಅದು ಭಾರಿ ಏರಿಕೆ. ನಿಜದಲ್ಲಿ, ಸೋರಿ ಹೋದದ್ದನ್ನು ತುಂಬಿಕೊಟ್ಟದ್ದೇ ಅದರ ಬಹುಪಾಲು.

ಮುಂದಿನ ಇಪ್ಪತ್ತು ವರ್ಷ ಹೀಗೆಯೇ ನಡೆಯಿತು. ಬೆಲೆ ಏರಬೇಕು, ಜನ ಕೇಳಬೇಕು, ಸಂಸತ್ತು ಒಪ್ಪಬೇಕು. 1972ರಲ್ಲಿ ಮಾಡಿದ ಕಾನೂನು ಈ ಸುತ್ತಾಟವನ್ನು ನಿಲ್ಲಿಸಿತು. ಬೆಲೆ ಸೂಚ್ಯಂಕ ಎಷ್ಟು ಏರುತ್ತದೋ ಪಿಂಚಣಿಯೂ ತಾನಾಗಿಯೇ ಅಷ್ಟು ಏರಬೇಕು ಎಂದು ಅದು ವಿಧಿಸಿತು. ಅದರ ಪ್ರಕಾರ ಮೊದಲ ಏರಿಕೆಯಾದದ್ದು 1975ರಲ್ಲಿ, ಶೇಕಡಾ 8. ಐಡಾ ಫುಲ್ಲರ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಅಂಗವೈಕಲ್ಯವನ್ನು ಅಳೆಯುವವರು ಯಾರು?

ವಯಸ್ಸನ್ನು ಅಳೆಯುವುದು ಸುಲಭ. ಹುಟ್ಟಿದ ತಾರೀಖು ಗೊತ್ತಿದ್ದರೆ ಸಾಕು. ದುಡಿಯುವ ಶಕ್ತಿಯನ್ನು ಅಳೆಯಲು ಯಾವ ಉಪಕರಣವಿದೆ? ಉಷ್ಣತಾಮಾಪಕದಂತೆ ಅದಕ್ಕೊಂದು ಮಾಪಕವಿಲ್ಲ. ಆದ್ದರಿಂದಲೇ ಸರ್ಕಾರಗಳು ಅಂಗವೈಕಲ್ಯದ ಮಾಸಾಶನಕ್ಕೆ ಬಂದಾಗ ಹಿಂಜರಿದಿವೆ.

1935ರ ಅಮೆರಿಕನ್ ಕಾನೂನಿನಲ್ಲಿ ಅಂಗವೈಕಲ್ಯದ ವಿಮೆ ಇರಲಿಲ್ಲ. ಅದು ಸೇರಿದ್ದು 21 ವರ್ಷಗಳ ನಂತರ, 1956ರಲ್ಲಿ. ವೈದ್ಯರ ಸಂಘವೇ ಇದನ್ನು ವಿರೋಧಿಸಿತ್ತು. ಸೆನೆಟ್‌ನಲ್ಲಿ ಈ ತಿದ್ದುಪಡಿ ಗೆದ್ದದ್ದು 47-45 ಮತಗಳಿಂದ, ಕೇವಲ ಎರಡು ಮತಗಳ ಅಂತರದಲ್ಲಿ. ಅದೂ 50ರಿಂದ 64 ವರ್ಷದವರಿಗೆ ಮಾತ್ರ. ಗಣಿಯಲ್ಲಿ ಕಾಲು ಕಳೆದುಕೊಂಡ ಮೂವತ್ತರ ಯುವಕ 1960ರವರೆಗೆ ಕಾಯಬೇಕಾಯಿತು. ಆ ವರ್ಷ ವಯಸ್ಸಿನ ಮಿತಿ ಹೋಯಿತು.

1980ರ ದಶಕದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಖರ್ಚು ಹೆಚ್ಚುತ್ತಿದೆ ಎಂದು 1981ರಿಂದ ಫಲಾನುಭವಿಗಳ ಮರುಪರಿಶೀಲನೆ ಬಿರುಸಾಗಿ ನಡೆಯಿತು. ಕೆಲವೇ ವರ್ಷಗಳಲ್ಲಿ ಸುಮಾರು 4,90,000 ಜನರ ಹೆಸರು ಪಟ್ಟಿಯಿಂದ ಹೋಯಿತು. ಮೇಲ್ಮನವಿ ಸಲ್ಲಿಸಿದವರಲ್ಲಿ ಬಹಳಷ್ಟು ಜನರಿಗೆ ಅದು ಮತ್ತೆ ದೊರೆಯಿತು. ಅಂದರೆ ಅವರನ್ನು ತೆಗೆದದ್ದೇ ಸರಿಯಾಗಿರಲಿಲ್ಲ. 1984ರಲ್ಲಿ ಸಂಸತ್ತು ಒಂದೇ ಒಂದು ವಿರೋಧ ಮತವಿಲ್ಲದೆ ಹೊಸ ಕಾನೂನು ಮಾಡಿತು. ಒಬ್ಬರ ಆರೋಗ್ಯ ಸುಧಾರಿಸಿದೆ ಎಂಬುದಕ್ಕೆ ಆಧಾರವಿಲ್ಲದೆ ಅವರ ಮಾಸಾಶನ ನಿಲ್ಲಿಸಬಾರದು ಎಂಬುದು ಅದರ ಸಾರ.

ನಿಂತ ಅಂಕಿಯ ಕಥೆ ಇಲ್ಲಿಯೂ ಇದೆ. ಅತಿ ಬಡವರಾದ ವೃದ್ಧರಿಗೆ ಮತ್ತು ಅಂಗವಿಕಲರಿಗೆ ಅಮೆರಿಕ 1974ರಿಂದ ಬೇರೊಂದು ಸಹಾಯಧನ ಕೊಡುತ್ತಿದೆ. ಅದರ ಮೊತ್ತ ಬೆಲೆಯ ಜೊತೆ ಏರುತ್ತದೆ. ಆದರೆ ಅದನ್ನು ಪಡೆಯುವ ಒಬ್ಬ ವ್ಯಕ್ತಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇಟ್ಟುಕೊಳ್ಳುವಂತಿಲ್ಲ. ಈ ಮಿತಿ ನಿಗದಿಯಾದದ್ದು 1989ರಲ್ಲಿ. ಅಲ್ಲಿಂದೀಚೆಗೆ ಅಲ್ಲಿನ ಬೆಲೆಗಳು ಎರಡೂವರೆ ಪಟ್ಟಾಗಿವೆ, ಮಿತಿ ಮಾತ್ರ ಅಲ್ಲೇ ಇದೆ. ಒಂದೇ ಯೋಜನೆಯಲ್ಲಿ ಒಂದು ಅಂಕಿ ಓಡುತ್ತದೆ, ಇನ್ನೊಂದು ನಿಂತಿದೆ. ನಿಂತ ಅಂಕಿ ಯಾರನ್ನು ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಯೋಚಿಸಿ: ಕಷ್ಟಕಾಲಕ್ಕೆಂದು ನಾಲ್ಕು ಕಾಸು ಕೂಡಿಡಲು ಬಯಸುವ ಅಂಗವಿಕಲರನ್ನು.

ಸಂವಿಧಾನದ 41ನೆಯ ವಿಧಿ

ಇನ್ನು ನಮ್ಮ ದೇಶ. ಬ್ರಿಟಿಷರ ಕಾಲದಲ್ಲಿ 1923ರ ಕಾರ್ಮಿಕರ ಪರಿಹಾರ ಕಾಯಿದೆ ಕೆಲಸದ ವೇಳೆ ಆದ ಅಪಘಾತಕ್ಕೆ ಪರಿಹಾರ ಕೊಡಿಸುವ ವ್ಯವಸ್ಥೆ ಮಾಡಿತು. 1944ರಲ್ಲಿ ಪ್ರೊ. ಬಿ. ಪಿ. ಅದಾರ್ಕರ್ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಟ್ಟರು. ಅದರ ಫಲವೇ 1948ರ ನೌಕರರ ರಾಜ್ಯ ವಿಮಾ ಕಾಯಿದೆ. ನಮ್ಮ ಜನ ಇ.ಎಸ್.ಐ. ಎಂದು ಕರೆಯುವುದು ಇದನ್ನೇ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ನೆಹರು ಅದನ್ನು ಉದ್ಘಾಟಿಸಿದರು. ಕಾಯಿಲೆ, ಹೆರಿಗೆ, ಕೆಲಸದಲ್ಲಿ ಆದ ಅಂಗವೈಕಲ್ಯ, ಇವೆಲ್ಲಕ್ಕೂ ಅದರಲ್ಲಿ ಸೌಲಭ್ಯವಿದೆ.

ಆದರೆ ಇದು ಕಾರ್ಖಾನೆ, ಕಂಪನಿಗಳ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಹೊಲದಲ್ಲಿ ಕಳೆ ಕೀಳುವವರಿಗೆ, ಬೀಡಂಗಡಿ ಇಟ್ಟವರಿಗೆ, ಗಾರೆ ಕೆಲಸದವರಿಗೆ, ಹುಟ್ಟಿನಿಂದಲೇ ಕಣ್ಣಿಲ್ಲದವರಿಗೆ ಹಾಜರಿ ಪುಸ್ತಕವೆಲ್ಲಿದೆ? ಅವರಿಗಾಗಿ ಸಂವಿಧಾನದ 41ನೆಯ ವಿಧಿ ಇದೆ. ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯಗಳ ಸಂದರ್ಭದಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕನ್ನು ರಾಜ್ಯ ಒದಗಿಸಬೇಕು ಎಂದು ಅದು ಹೇಳುತ್ತದೆ. ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತೂ ಅದರಲ್ಲಿದೆ. ಇದು ನಿರ್ದೇಶಕ ತತ್ವ. ನೇರವಾಗಿ ಇದರ ಮೇಲೆಯೇ ನ್ಯಾಯಾಲಯದಲ್ಲಿ ದಾವೆ ಹೂಡಲಾಗದು. 1957ರಲ್ಲಿ ಉತ್ತರ ಪ್ರದೇಶ ವೃದ್ಧಾಪ್ಯ ಪಿಂಚಣಿ ಆರಂಭಿಸಿತು. ಬೇರೆ ರಾಜ್ಯಗಳೂ ಒಂದೊಂದಾಗಿ ಅದನ್ನು ಅನುಸರಿಸಿದವು. ಇಡೀ ದೇಶಕ್ಕೆ ಅನ್ವಯಿಸುವ ಯೋಜನೆ ಬರಲು 1995 ಆಗಬೇಕಾಯಿತು.

ಎಪ್ಪತ್ತೈದು ರೂಪಾಯಿ

1995ರ ಆಗಸ್ಟ್ 15ರಂದು ಪಿ. ವಿ. ನರಸಿಂಹರಾವ್ ಸರ್ಕಾರ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಜಾರಿಗೆ ತಂದಿತು. 65 ವರ್ಷ ದಾಟಿದ ನಿರ್ಗತಿಕರಿಗೆ ಕೇಂದ್ರದಿಂದ ತಿಂಗಳಿಗೆ 75 ರೂಪಾಯಿ ಎಂಬುದು ಅದರ ಒಂದು ಭಾಗ. ಹಣ ಸರಿಯಾಗಿ ಕೈಸೇರುತ್ತಿಲ್ಲವೆಂಬ ದೂರುಗಳಿದ್ದವು. 2001ರ ನವೆಂಬರ್‌ನಲ್ಲಿ, ಆಹಾರದ ಹಕ್ಕಿನ ಮೊಕದ್ದಮೆಯೊಂದರಲ್ಲಿ, ಈ ಪಿಂಚಣಿಯನ್ನು ಪ್ರತಿ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2006ರಲ್ಲಿ ಮೊತ್ತ 200 ರೂಪಾಯಿ ಆಯಿತು. 2007ರಲ್ಲಿ ಬಡತನ ರೇಖೆಯ ಕೆಳಗಿನ ಎಲ್ಲ ವೃದ್ಧರಿಗೂ ಇದನ್ನು ವಿಸ್ತರಿಸಿದರು. 2009ರಲ್ಲಿ ವಿಧವೆಯರಿಗೂ ಅಂಗವಿಕಲರಿಗೂ ಪ್ರತ್ಯೇಕ ಪಿಂಚಣಿ ಬಂತು. 2011ರಲ್ಲಿ ವಯಸ್ಸನ್ನು 60ಕ್ಕೆ ಇಳಿಸಿ, 80 ದಾಟಿದವರಿಗೆ 500 ರೂಪಾಯಿ ಮಾಡಿದರು. 2012ರಲ್ಲಿ ವಿಧವೆಯರ ಮತ್ತು ಅಂಗವಿಕಲರ ಪಿಂಚಣಿ 300 ರೂಪಾಯಿ ಆಯಿತು.

ಇವೆಲ್ಲ ನಿಜವಾದ ಮುನ್ನಡೆಗಳೇ. ಆದರೆ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವ ಪಾಲು 2006ರ ಆ 200 ರೂಪಾಯಿಯಲ್ಲೇ ನಿಂತಿತು. ಈಗ ಪೆನ್ಸಿಲ್ ತೆಗೆದುಕೊಳ್ಳಿ.

ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟಾಗುತ್ತದೆ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಈ ಅವಧಿ ಸಿಗುತ್ತದೆ. ವಿಕಿರಣ ವಸ್ತುವಿನ ಅರ್ಧಾಯುಷ್ಯದ ಬಗ್ಗೆ ನೀವು ಓದಿರಬಹುದು. ನಿಂತ ಮೊತ್ತಕ್ಕೂ ಅಂಥದೇ ಅರ್ಧಾಯುಷ್ಯವಿದೆ: 12 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧವಾಗುತ್ತದೆ. ಇದು ಮಾದರಿ ಲೆಕ್ಕ. ನಿಜವಾದ ಲೆಕ್ಕವನ್ನೂ ನೋಡೋಣ. ನಮ್ಮ ದೇಶದಲ್ಲಿ ಕಾರ್ಮಿಕ ಬ್ಯೂರೋ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. ಅದರ ಪ್ರಕಾರ 1995ರಿಂದ 2024ರ ಹೊತ್ತಿಗೆ ಬೆಲೆಗಳು ಸರಿಸುಮಾರು 6 ಪಟ್ಟಾಗಿವೆ. 75ನ್ನು 6ರಿಂದ ಗುಣಿಸಿ: 450. ಅಂದರೆ 1995ರ 75 ರೂಪಾಯಿ ಏನನ್ನು ಕೊಳ್ಳುತ್ತಿತ್ತೋ ಅಷ್ಟನ್ನೇ ಕೊಳ್ಳಲು 2024ರಲ್ಲಿ 450 ರೂಪಾಯಿ ಬೇಕು. ಕೇಂದ್ರದ ಪಾಲು 200. ಅಂಕಿ ದೊಡ್ಡದಾಗಿದೆ, ಹಣ ಚಿಕ್ಕದಾಗಿದೆ. ಮೊದಲ ದಿನ ಕೊಟ್ಟದ್ದರ ಅರ್ಧವೂ ಉಳಿದಿಲ್ಲ.

ಇದೇ ಸೂಚ್ಯಂಕ ನಮ್ಮ ಮನೆಗಳಿಗೆ ಬೇರೊಂದು ಹೆಸರಿನಲ್ಲಿ ಪರಿಚಿತ. ತಂದೆಯೋ ತಾಯಿಯೋ ಸರ್ಕಾರಿ ನೌಕರಿಯಲ್ಲಿದ್ದರೆ "ಡಿ.ಎ. ಬಂತು" ಎಂಬ ಮಾತು ನೀವು ಕೇಳಿರುತ್ತೀರಿ. ಆ ತುಟ್ಟಿಭತ್ಯೆ ಕೇಂದ್ರ ನೌಕರರಿಗೆ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಿಂದ ಲೆಕ್ಕ ಹಾಕಿ, ಈ ಸೂಚ್ಯಂಕದ ಆಧಾರದ ಮೇಲೆಯೇ ಪರಿಷ್ಕರಣೆಯಾಗುತ್ತದೆ. 2018ರ ಹಣಕಾಸು ಕಾಯಿದೆ ಸಂಸತ್ ಸದಸ್ಯರ ವೇತನವನ್ನೂ ಐದು ವರ್ಷಕ್ಕೊಮ್ಮೆ ಬೆಲೆ ಏರಿಕೆಗೆ ತಕ್ಕಂತೆ ಏರಿಸುವ ನಿಯಮ ಮಾಡಿತು. ಅದರಂತೆ 2025ರಲ್ಲಿ ಅವರ ತಿಂಗಳ ವೇತನ 1,00,000ದಿಂದ 1,24,000 ರೂಪಾಯಿಗೆ ಏರಿತು. ಇವು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಬೆಲೆ ಏರಿದಾಗ ಸಂಬಳ ಏರಬೇಕಾದದ್ದು ನ್ಯಾಯವೇ. ಆ ನ್ಯಾಯದ ಸೂತ್ರ ನಮ್ಮಲ್ಲಿ ಸಿದ್ಧವಾಗಿಯೇ ಇದೆ, ಅದನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು.

ಶೇಕಡಾ 40, ಶೇಕಡಾ 80

ಅಂಗವಿಕಲರ ವಿಷಯದಲ್ಲಿ ಇನ್ನೊಂದು ನಿಂತ ಅಂಕಿ ಇದೆ. ಕರ್ನಾಟಕದಲ್ಲಿ ಈಗ ಅಧಿಕೃತವಾಗಿ ವಿಕಲಚೇತನರು ಎಂಬ ಪದವನ್ನು ಬಳಸುತ್ತಾರೆ. 1995ರ ಕೇಂದ್ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಈ ಸಂಖ್ಯೆಯನ್ನು 21ಕ್ಕೆ ಏರಿಸಿತು. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಇತರರಿಗಿಂತ ವಿಕಲಚೇತನರಿಗೆ ಕನಿಷ್ಠ ಶೇಕಡಾ 25ರಷ್ಟು ಹೆಚ್ಚು ನೆರವು ಕೊಡಬೇಕು ಎಂದೂ ಅದು ಹೇಳಿತು. ಕಾರಣ ಸರಳ. ಗಾಲಿಕುರ್ಚಿ, ಔಷಧ, ಜೊತೆಗೆ ಬರುವವರ ಬಸ್ ಚಾರ್ಜು, ಇವು ಅವರಿಗೆ ಹೆಚ್ಚಿನ ಖರ್ಚು.

ಎರಡೂ ಕಾಯಿದೆಗಳಲ್ಲಿ ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಮಿತಿ ಶೇಕಡಾ 40ರ ಅಂಗವೈಕಲ್ಯ. ಆದರೆ ಕೇಂದ್ರದ ಪಿಂಚಣಿಗೆ ಬೇಕಾದದ್ದು ಶೇಕಡಾ 80. ಒಬ್ಬರೇ ವ್ಯಕ್ತಿ, ಒಂದೇ ಪ್ರಮಾಣಪತ್ರ. ಒಂದು ಕಿಟಕಿಯಲ್ಲಿ ಅವರು ವಿಕಲಚೇತನರು, ಮತ್ತೊಂದು ಕಿಟಕಿಯಲ್ಲಿ ಅಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಕೇಂದ್ರದ ಪಿಂಚಣಿ ತಲುಪುವುದು 11 ಲಕ್ಷಕ್ಕಿಂತ ಕಡಿಮೆ ಜನರಿಗೆ. ಬಡತನದ ಮಿತಿ, ವಯಸ್ಸಿನ ಮಿತಿಗಳೂ ಇದಕ್ಕೆ ಕಾರಣ, ಆದರೆ ಆ ಶೇಕಡಾ 80ರ ಬಾಗಿಲು ಎಲ್ಲಕ್ಕಿಂತ ಇಕ್ಕಟ್ಟಾದದ್ದು.

ರಾಜ್ಯದ ಪಾಲು

ಹಾಗಾದರೆ ನಿಮ್ಮ ಅಜ್ಜಿಗೆ 200 ರೂಪಾಯಿಗಿಂತ ಹೆಚ್ಚು ಬರುತ್ತದಲ್ಲ ಎಂದು ನೀವು ಕೇಳಬಹುದು. ನಿಜ. ಕೇಂದ್ರದ ಪಾಲಿಗೆ ರಾಜ್ಯಗಳು ತಮ್ಮ ಹಣ ಸೇರಿಸಿ ಕೊಡುತ್ತವೆ. ತಮ್ಮದೇ ಯೋಜನೆಗಳನ್ನೂ ನಡೆಸುತ್ತವೆ. ಕರ್ನಾಟಕ 2007ರಲ್ಲಿ 65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಆರಂಭಿಸಿತು. ಆಗಿನ ಮೊತ್ತ ತಿಂಗಳಿಗೆ 400 ರೂಪಾಯಿ. 2018ರಲ್ಲಿ ಅದು 1,000 ರೂಪಾಯಿಗೆ, 2021ರಲ್ಲಿ 1,200 ರೂಪಾಯಿಗೆ ಏರಿತು. ಅದೇ 2021ರಲ್ಲಿ ಶೇಕಡಾ 40ರಿಂದ 75ರವರೆಗಿನ ಅಂಗವೈಕಲ್ಯ ಉಳ್ಳವರ ಮಾಸಾಶನವನ್ನು 600ರಿಂದ 800 ರೂಪಾಯಿಗೆ ಏರಿಸಲಾಯಿತು. ನಮ್ಮ ರಾಜ್ಯ ಶೇಕಡಾ 40ರ ಬಾಗಿಲನ್ನು ತೆರೆದಿಟ್ಟಿದೆ ಎಂಬುದು ಮೆಚ್ಚತಕ್ಕ ಸಂಗತಿ.

2007ರಿಂದ 2021ರವರೆಗೆ ಬೆಲೆಗಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಏರಿದವು. ಸಂಧ್ಯಾ ಸುರಕ್ಷಾ ಮೊತ್ತ ಮೂರು ಪಟ್ಟಾಯಿತು. ಆದ್ದರಿಂದ ರಾಜ್ಯ ಬೆಲೆಯನ್ನು ಹಿಡಿದಿದೆ, ತುಸು ಮುಂದೆಯೂ ಹೋಗಿದೆ. ಆದರೆ ಹೋದ ರೀತಿ ನೋಡಿ: ಒಂದು ಬಜೆಟ್, ಒಂದು ಘೋಷಣೆ, ಒಂದು ಜಿಗಿತ. ನಡುವಿನ ವರ್ಷಗಳಲ್ಲಿ ಸೋರಿಕೆ. 1950ರ ಅಮೆರಿಕದಂತೆ ಇಲ್ಲಿಯೂ ಏರಿಕೆ ಒಂದು ಕೊಡುಗೆಯಂತೆ ಬರುತ್ತದೆ. ಕೊಟ್ಟವರ ಹೆಸರು ಜನರ ನೆನಪಿನಲ್ಲಿ ಉಳಿಯುತ್ತದೆ, ಸೋರಿ ಹೋದದ್ದಕ್ಕೆ ಹೆಸರೇ ಇರುವುದಿಲ್ಲ.

ಹಣ ಎಲ್ಲಿಂದ ಬರಬೇಕು?

ಇದು ನ್ಯಾಯವಾದ ಪ್ರಶ್ನೆ, ಇದನ್ನು ತಳ್ಳಿಹಾಕಬಾರದು. ತಾನಾಗಿ ಏರುವ ಪಿಂಚಣಿಗೆ ಬೆಲೆ ತೆರಬೇಕಾಗುತ್ತದೆ. 1983ರಲ್ಲಿ ಅಮೆರಿಕ ತನ್ನ ನಿಧಿ ಬರಿದಾಗುವ ಹಂತಕ್ಕೆ ಬಂದು, ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ ಹಂತಹಂತವಾಗಿ 67ಕ್ಕೆ ಏರಿಸುವ ಕಾನೂನು ಮಾಡಬೇಕಾಯಿತು. 2024ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಒಟ್ಟು ಖರ್ಚಿನಲ್ಲಿ ಸುಮಾರು ಐದನೆಯ ಒಂದು ಭಾಗ ಸಾಮಾಜಿಕ ಭದ್ರತೆಗೇ ಹೋಯಿತು. ಅದರ ಬಹುಪಾಲು ಕಾರ್ಮಿಕರೂ ಮಾಲೀಕರೂ ಕಟ್ಟಿದ ವಂತಿಗೆಯಿಂದ ಬಂದದ್ದು ಎಂಬುದನ್ನು ಮರೆಯಬಾರದು. ನಮ್ಮದನ್ನು ಅದರ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸಲಾಗದು.

ನಮ್ಮ ಲೆಕ್ಕವನ್ನೇ ಮಾಡೋಣ. 2024-25ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ 48 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಇಟ್ಟದ್ದು 9,652 ಕೋಟಿ. ಭಾಗಿಸಿ ನೋಡಿ: ಪ್ರತಿ ಸಾವಿರ ರೂಪಾಯಿಯಲ್ಲಿ 2 ರೂಪಾಯಿ. ವೃದ್ಧಾಪ್ಯ ಪಿಂಚಣಿ ಪಡೆಯುವವರು ಸುಮಾರು 2.2 ಕೋಟಿ. ಅವರೆಲ್ಲರಿಗೂ ತಿಂಗಳಿಗೆ 250 ರೂಪಾಯಿ ಹೆಚ್ಚಿಸಿದರೆ, ಅಂದರೆ 1995ರ 75 ರೂಪಾಯಿಯ ಬೆಲೆಯನ್ನು ಮರಳಿ ಕೊಟ್ಟರೆ, ವರ್ಷಕ್ಕೆ 6,600 ಕೋಟಿ ರೂಪಾಯಿ ಬೇಕು. ಇದು ಸಾವಿರಕ್ಕೆ ಒಂದೂವರೆ ರೂಪಾಯಿಗಿಂತಲೂ ಕಡಿಮೆ. ಇದು ದೊಡ್ಡ ಹಣವೋ ಸಣ್ಣ ಹಣವೋ ಎಂಬುದನ್ನು ನೀವೇ ತೀರ್ಮಾನಿಸಿ. ನಾಳೆ ಮತ ಹಾಕುವವರೂ ತೆರಿಗೆ ಕಟ್ಟುವವರೂ ನೀವೇ.

ನೀವೇ ಮಾಡಿ ನೋಡಿ

ನಿಮ್ಮ ಪರಿಚಯದಲ್ಲಿ ವೃದ್ಧಾಪ್ಯ ವೇತನವನ್ನೋ ವಿಕಲಚೇತನರ ಮಾಸಾಶನವನ್ನೋ ಪಡೆಯುವ ಒಬ್ಬರನ್ನು ವಿಚಾರಿಸಿ. ಅವರಿಗೆ ಅದು ಯಾವ ವರ್ಷ ಆರಂಭವಾಯಿತು, ಆಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ಬರೆದುಕೊಳ್ಳಿ. ಆ ವರ್ಷ ಒಂದು ಕಿಲೋ ಅಕ್ಕಿ, ಒಂದು ಲೀಟರ್ ಹಾಲು, ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ ಚಾರ್ಜು ಎಷ್ಟಿತ್ತು ಎಂದು ಮನೆಯ ಹಿರಿಯರನ್ನು ಕೇಳಿ. ಅಂದಿನ ಮೊತ್ತಕ್ಕೆ ಎಷ್ಟು ಕಿಲೋ ಅಕ್ಕಿ ಬರುತ್ತಿತ್ತು, ಇಂದಿನ ಮೊತ್ತಕ್ಕೆ ಎಷ್ಟು ಬರುತ್ತದೆ? ಎರಡನ್ನೂ ಒಂದು ನಕ್ಷೆಯಲ್ಲಿ ಗುರುತಿಸಿ. ಹಣದ ಗೆರೆ ಮೆಟ್ಟಿಲಿನಂತೆ ಕಾಣುತ್ತದೆ, ಬೆಲೆಯ ಗೆರೆ ಇಳಿಜಾರು ಹತ್ತುವ ದಾರಿಯಂತೆ.

ಆ ಎರಡು ಗೆರೆಗಳ ನಡುವಿನ ಖಾಲಿ ಜಾಗವನ್ನು ಗಮನವಿಟ್ಟು ನೋಡಿ. ಬಜೆಟ್ ಪುಸ್ತಕದಲ್ಲಿ ಅದಕ್ಕೆ ಯಾವ ತಲೆಬರಹವೂ ಇಲ್ಲ. ಕೊಳ್ಳಲಾಗದೆ ಉಳಿದ ಅಕ್ಕಿ, ಅರ್ಧಕ್ಕೆ ನಿಲ್ಲಿಸಿದ ಮಾತ್ರೆ, ಬಸ್ಸಿಗೆ ಕಾಸಿಲ್ಲದೆ ನಡೆದುಹೋದ ದಾರಿ, ಇವೆಲ್ಲ ಇರುವುದು ಅಲ್ಲಿಯೇ.